ದೊಡ್ಡ ಇಂಜಿನ್ನಿನ ಪುಟ್ಟ ಕಾರು

ಮೇಷ್ಟ್ರಮ್ಮ ಡ್ರೈವಿಂಗ್ ಶಾಲೆಯ ಕೆಲಸ ಬಿಟ್ಟಾಗ ಕೈಗೆ ಬಂದ ಗಂಟಿನ ಬಗ್ಗೆ ಮನೆಯಲ್ಲಿ ಒಬ್ಬೊಬ್ಬರದೂ ಒಂದೊಂದು ಲೆಕ್ಕಾಚಾರವಿತ್ತು. ಗಂಡನಿಗೆ ಅಡುಗೆಮನೆಯ ಗೋಡೆ ಒಡೆಸಿ ದೊಡ್ಡದು ಮಾಡಿಸಬೇಕಿತ್ತು. ಮಗ ಮಹಡಿಯ ಮೇಲೊಂದು ಕೋಣೆ ಎನ್ನುತ್ತಿದ್ದ. ಅತ್ತೆಯವರು, ಎಂದರೆ ಮನೆಮಂದಿಯ ಬಾಯಲ್ಲಿ ದೊಡ್ಡಜ್ಜಿ, "ಬ್ಯಾಂಕಲ್ಲಿ ಬಿದ್ದಿರ್ಲಿ, ನಾನು ಸತ್ತಮೇಲೆ ಏನಾದ್ರೂ ಮಾಡ್ಕೊಳ್ಳಿ" ಎನ್ನುತ್ತಿದ್ದರು. ಸಾಯುವ ಲಕ್ಷಣ ಅವರಲ್ಲಿ ಒಂದೂ ಇರಲಿಲ್ಲ.

ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಮೇಷ್ಟ್ರಮ್ಮ ಆಲೂಗಡ್ಡೆ ಬಡಿಸುತ್ತಾ, "ನಾನೊಂದು ಕಾರು ತಗೋತೀನಿ" ಎಂದರು.

"ಕಾರು ಇದ್ಯಲ್ಲಮ್ಮ," ಎಂದ ಮಗ.

"ಅದು ಶಾಲೇದು. ಮೊನ್ನೆ ವಾಪಸ್ ಕೊಟ್ಟೆ. ನೀನು ದಿನಾ ಲಿಫ್ಟ್ ರಿಪೇರಿ ಕೆಲಸಕ್ಕೆ ಹೋಗಿ ಬರೋನು, ಮನೆ ಮುಂದೆ ಕಾರಿಲ್ಲ ಅನ್ನೋದನ್ನೂ ನೋಡ್ಲಿಲ್ಲ."

ಇಷ್ಟು ವರ್ಷ ಆ ಮನೆಯವರು ಮದುವೆಗೆ ಹೋದದ್ದು, ಆಸ್ಪತ್ರೆಗೆ ಹೋದದ್ದು, ಸಮುದ್ರ ನೋಡಲು ಹೋದದ್ದು ಎಲ್ಲ ಆ ಶಾಲೆಯ ಕಾರಿನಲ್ಲೇ. ತಲೆಯ ಮೇಲೆ 'ಕಲಿಯುತ್ತಿದ್ದೇವೆ, ದೂರವಿರಿ' ಎಂಬ ಹಲಗೆ ಹೊತ್ತ ಕಾರು ಅದು. ಹಿಂದಿನಿಂದ ಹಾರ್ನ್ ಹೊಡೆದವರನ್ನು ದೊಡ್ಡಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಓದೋಕೆ ಬರಲ್ವೇನಪ್ಪ" ಎಂದು ಬೈಯುತ್ತಿದ್ದರು.

ಮೇಷ್ಟ್ರಮ್ಮ ತಟ್ಟೆಗಳ ನಡುವೆ ಒಂದು ಬಣ್ಣದ ಪುಸ್ತಿಕೆ ಇಟ್ಟರು. ಅದರಲ್ಲಿದ್ದದ್ದು ಹಿಂಬದಿಯ ಬಾಗಿಲು ಮೇಲಕ್ಕೆ ತೆರೆದುಕೊಳ್ಳುವ ಪುಟ್ಟ ಕಾರು. ನೋಡಿದರೆ ತರಕಾರಿ ತರಲು ಹೋಗುವ ಕಾರಿನ ಹಾಗೇ ಇತ್ತು. ಅದೇ ಮೈಯೊಳಗೆ ಎರಡು ಬಗೆಯ ಇಂಜಿನ್ ಸಿಗುತ್ತಿತ್ತು. ಒಂದು ತರಕಾರಿಗೆ ಸಾಕಾಗುವಂಥದು. ಇನ್ನೊಂದು ಅದರ ಎರಡರಷ್ಟು ಶಕ್ತಿಯದು. ಮೇಷ್ಟ್ರಮ್ಮ ಬೆರಳಿಟ್ಟದ್ದು ಎರಡನೆಯದರ ಮೇಲೆ.

"ಇಷ್ಟು ಜೋರಾಗಿ ಓಡೋದು ತಗೊಂಡು ಯಾರನ್ನ ಅಟ್ಟಿಸ್ಕೊಂಡು ಹೋಗ್ತೀಯೆ?" ಎಂದರು ದೊಡ್ಡಜ್ಜಿ.

"ಯಾರನ್ನೂ ಇಲ್ಲ ಅತ್ತೆ. ಓಡಿಸ್ಬೇಕು ಅಂತ ಆಸೆ, ಅಷ್ಟೆ."

ಕೊನೆಯ ಮಾತು ಯಾರ ಕಿವಿಗೂ ಬೀಳಲಿಲ್ಲ. ಅಷ್ಟರಲ್ಲಿ ಗಂಡ ಪುಸ್ತಿಕೆಯ ಹಿಂದಿನ ಪುಟಗಳನ್ನು ತೆರೆದಿದ್ದರು. ಅಲ್ಲಿ ಬೇಕಾದರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಬಹುದಾದ ಎಕ್ಸ್‌ಟ್ರಾಗಳಿದ್ದವು.

"ಗಾಜಿನ ಛಾವಣಿ," ಎಂದಳು ಮೊಮ್ಮಗಳು. ಅವಳ ದನಿ ಕೇಳಿ ಮನೆಯವರು ಇಟ್ಟ ಹೆಸರು ಪಿಟೀಲು. "ಅಜ್ಜಿ, ಗಾಜಿನ ಛಾವಣಿ ಬೇಕು. ಮಲಗಿಕೊಂಡೇ ಆಕಾಶ ನೋಡ್ಬಹುದು."

"ಕಾರಲ್ಲಿ ಮಲಗಲ್ಲ, ಬೆಲ್ಟ್ ಹಾಕ್ಕೊಂಡು ಕೂರ್ತಾರೆ," ಎಂದರು ಮೇಷ್ಟ್ರಮ್ಮ. ಆಮೇಲೆ ಮೊಮ್ಮಗಳ ಮುಖ ನೋಡಿ, "ಆಗ್ಲಿ, ನೋಡೋಣ" ಎಂದರು.

ಹಾಗೆ ಶುರುವಾಯಿತು.

ಶನಿವಾರ ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಶೋರೂಮಿಗೆ ಹೋದರು. ಅಲ್ಲಿ ಟೈ ಕಟ್ಟಿಕೊಂಡು ಓಡಿಬಂದ ಮಾರಾಟದವನು ಮೇಷ್ಟ್ರಮ್ಮನನ್ನು ಕಂಡದ್ದೇ ತಡ, ಬೆನ್ನು ನೆಟ್ಟಗೆ ಮಾಡಿದ. ಅವರ ಹಳೆಯ ಶಿಷ್ಯ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗಿ ಕೊನೆಗೆ ಪಾಸಾದವನು.

"ಮೇಡಂ, ನೀವಾ?"

"ನಾನೇ. ಈಗ್ಲಾದ್ರೂ ತಿರುಗುವಾಗ ಕನ್ನಡಿ ನೋಡ್ತೀಯೇನಪ್ಪ?"

"ನೋಡ್ತೀನಿ ಮೇಡಂ," ಎಂದ ಅವನು. ಮೇಜಿನ ಹಿಂದೆ ಹೋಗಿ ಕೂತಮೇಲೂ ಒಂದು ಸಲ ಎಡಕ್ಕೂ ಬಲಕ್ಕೂ ನೋಡಿಕೊಂಡ.

ಒಬ್ಬೊಬ್ಬರೂ ತಮ್ಮ ಬೇಡಿಕೆ ಹೇಳಿದರು. ಅವನು ಕಂಪ್ಯೂಟರಿನಲ್ಲಿ ಒಂದೊಂದನ್ನೇ ಒತ್ತಿದ. ಒತ್ತಿದಂತೆಲ್ಲ ಮೂಲೆಯಲ್ಲಿದ್ದ ಬೆಲೆ ಮೇಲಕ್ಕೆ ಹೋಯಿತು. ಬರೀ ಅಷ್ಟಾಗಿದ್ದರೆ ಸರಿ. ಒಂದನ್ನು ಕೇಳಿದರೆ ಅದರ ಜೊತೆ ಇನ್ನೊಂದು ಬರುತ್ತಿತ್ತು.

"ಗಾಜಿನ ಛಾವಣಿ ಬೇಕಂದ್ರೆ ದೊಡ್ಡ ಸ್ಕ್ರೀನ್ ತಗೋಬೇಕು ಸರ್. ಅದು ಬಿಡಿಯಾಗಿ ಬರಲ್ಲ," ಎಂದ.

"ಛಾವಣಿಗೂ ಸ್ಕ್ರೀನಿಗೂ ಏನ್ರೀ ಸಂಬಂಧ?" ಎಂದರು ಗಂಡ. ಅವರು ಆಸ್ಪತ್ರೆಯ ಅಡುಗೆಮನೆಯಲ್ಲಿ ಮುಖ್ಯ ಅಡುಗೆಯವರು. ಸಂಬಂಧವಿಲ್ಲದ್ದನ್ನು ಒಂದೇ ತಟ್ಟೆಗೆ ಹಾಕಿದರೆ ಅವರಿಗೆ ಸಹಿಸಲಾಗದು.

"ಪ್ಯಾಕ್ ಸರ್. ಕಂಪನಿಯವರು ಹಾಗೇ ಮಾಡಿದಾರೆ."

"ಸ್ಕ್ರೀನ್ ಬರ್ಲಿ ಬಿಡಪ್ಪ, ನಂಗೆ ಬೇಕಾಗಿದ್ದೇ ಅದು," ಎಂದ ಮಗ. ಸ್ಕ್ರೀನಿನ ಹಿಂದೆ ದೊಡ್ಡ ಸ್ಪೀಕರುಗಳು ಬಂದವು. ದೊಡ್ಡಜ್ಜಿ ತಮ್ಮ ಸೊಂಟಕ್ಕೆ ಬಿಸಿಯಾಗುವ ಸೀಟು ಕೇಳಿದರು. ಅದು ಚಳಿಗಾಲದ ಪ್ಯಾಕಿನಲ್ಲಿತ್ತು. ಅದನ್ನು ತೆಗೆದುಕೊಂಡರೆ ಸ್ಟಿಯರಿಂಗೂ ಬಿಸಿಯಾಗುತ್ತಿತ್ತು, ಕನ್ನಡಿಯೂ ಬಿಸಿಯಾಗುತ್ತಿತ್ತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆ ಹಿಂದಕ್ಕೆ ತೆಗೆಯುವಾಗ ನೋಡಲು ಕ್ಯಾಮೆರಾ ಎಂದಳು. ಗಂಡ ಕೆಂಪು ಬಣ್ಣ ಎಂದರು. ಪುಕ್ಕಟೆ ಬರುವ ಬಣ್ಣ ಒಂದೇ ಒಂದಿತ್ತು, ಇಲಿಯ ಬೆನ್ನಿನ ಬಣ್ಣ. ಉಳಿದವಕ್ಕೆಲ್ಲ ಬೇರೆ ದುಡ್ಡು.

"ಕೆಂಪಿಗೆ ಎಷ್ಟಯ್ಯ?"

ಅವನು ಹೇಳಿದ. ಗಂಡ ಮನಸ್ಸಿನಲ್ಲೇ ಲೆಕ್ಕ ಹಾಕಿ, "ಅಂದ್ರೆ ಒಂದು ತಿಂಗಳು ಪೂರ್ತಿ ಇಡೀ ಆಸ್ಪತ್ರೆಗೆ ಗಂಜಿ ಬೇಯಿಸ್ಬೇಕು" ಎಂದರು. "ಇರ್ಲಿ, ಕೆಂಪೇ ಇರ್ಲಿ."

ಪ್ರತಿಯೊಂದಕ್ಕೂ ಮಾರಾಟದವನು ಮೇಷ್ಟ್ರಮ್ಮನ ಕಡೆ ನೋಡುತ್ತಿದ್ದ. ಪ್ರತಿಸಲವೂ ಮೇಷ್ಟ್ರಮ್ಮ "ಆಗ್ಲಿ" ಎಂದರು.

ಆಮೇಲೆ ಕಾರು ಓಡಿಸಿ ನೋಡಿ ಎಂದು ಅವನು ಕೀಲಿ ತಂದ. ಎಲ್ಲರೂ ಹೊರಗೆ ಬಂದರು. ಮೇಷ್ಟ್ರಮ್ಮ ನೇರವಾಗಿ ಹೋಗಿ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು. ಗಂಡ ನೇರವಾಗಿ ಹೋಗಿ ಸ್ಟಿಯರಿಂಗಿನ ಮುಂದೆ ಕೂತರು. ಇಷ್ಟು ವರ್ಷ ಕೂತದ್ದು ಹಾಗೆಯೇ. ಮನೆಯವರಲ್ಲಿ ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ, ಮೇಷ್ಟ್ರಮ್ಮನಿಗೂ ಕಾಣಲಿಲ್ಲ.

"ಮೇಡಂ, ನೀವು..." ಎಂದ ಮಾರಾಟದವನು.

"ನಾನು ನೋಡ್ಕೋತಾ ಇದೀನಿ. ನೀನು ಹಿಂದೆ ಕೂತ್ಕೋ. ರೀ, ಸಿಗ್ನಲ್ ಹಾಕಿ. ಕನ್ನಡಿ. ಈಗ ನಿಧಾನಕ್ಕೆ ಬಿಡಿ."

ಗಂಡ ಕಾಲು ಒತ್ತಿದರು, ಕಾರು ನೆಗೆಯಿತು. ಹೆದರಿ ಕಾಲು ತೆಗೆದರು, ಕಾರು ಮುಗ್ಗರಿಸಿತು. ಹೀಗೆ ನೆಗೆಯುತ್ತ ಮುಗ್ಗರಿಸುತ್ತ ಒಂದು ಸುತ್ತು ಹೋಗಿಬಂದರು. ಸೊಸೆ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಇಳಿದಳು. "ಭರ್ಜರಿ ಗಾಡಿ," ಎಂದರು ಗಂಡ, ಹಣೆ ಒರೆಸಿಕೊಳ್ಳುತ್ತ.

ಆದರೆ ಎಲ್ಲ ಸೇರಿಸಿದ ಬೆಲೆ ಮೇಷ್ಟ್ರಮ್ಮನ ಗಂಟನ್ನು ದಾಟಿ ಹೋಗಿತ್ತು. ತಿಂಗಳ ಕೊನೆಯೊಳಗೆ ಬುಕ್ ಮಾಡಬೇಕು, ಆಮೇಲೆ ಬೆಲೆ ಏರುತ್ತದೆ ಎಂದು ಮಾರಾಟದವನು ಹೇಳಿ ಕಳಿಸಿದ್ದ. ಅಲ್ಲಿಂದ ಮುಂದೆ ಮನೆಯಲ್ಲಿ ಬೆಳಗಿನ ತಿಂಡಿಗೂ ಕಾರು, ಸಂಜೆಯ ಊಟಕ್ಕೂ ಕಾರು. ಯಾರದನ್ನು ಕಡಿಮೆ ಮಾಡುವುದು ಎಂಬುದೇ ಜಗಳ.

"ದೊಡ್ಡಜ್ಜಿ ವರ್ಷಕ್ಕೆ ಎಷ್ಟು ಸಲ ಕಾರು ಹತ್ತುತ್ತೆ? ಅದಕ್ಕೋಸ್ಕರ ಇಡೀ ಚಳಿಗಾಲ ಕೊಂಡ್ಕೋಬೇಕಾ?" ಎಂದ ಮಗ ಬ್ರೆಡ್ಡಿಗೆ ಬೆಣ್ಣೆ ಸವರುತ್ತ.

"ನಿನ್ನ ಸ್ಪೀಕರಿನ ಗಲಾಟೆ ಕೇಳೋಕಿಂತ ನನ್ನ ಸೊಂಟ ಬೆಚ್ಚಗಿರೋದು ಮೇಲು," ಎಂದರು ದೊಡ್ಡಜ್ಜಿ. "ನಿನ್ನನ್ನ ಇದೇ ಸೊಂಟದ ಮೇಲೆ ಹೊತ್ತಿದ್ದು."

"ಕ್ಯಾಮೆರಾ ಮಾತ್ರ ತೆಗೀಬೇಡಿ," ಎಂದಳು ಸೊಸೆ. "ಇವರು ಹಿಂದಕ್ಕೆ ತೆಗೆದ್ರೆ ನಮ್ಮನೆ ಗೇಟು ಉಳಿಯಲ್ಲ."

"ಗೇಟಿಗೆ ನಾನು ಬಡಿದಿದ್ದು ಒಂದೇ ಸಲ," ಎಂದ ಮಗ.

"ಬೇರೆ ಗೇಟುಗಳನ್ನ ಯಾರು ಲೆಕ್ಕ ಇಟ್ಟಿದಾರೆ?"

ಒಂದು ಸಂಜೆ ಮಗನಿಗೆ ದಾರಿ ಹೊಳೆಯಿತು. ಇಂಜಿನ್ನನ್ನೇ ಚಿಕ್ಕದು ಮಾಡಿದರೆ ಎಲ್ಲವೂ ಗಂಟಿನೊಳಗೆ ಕೂರುತ್ತದೆ. "ನೋಡಮ್ಮ, ಇಂಜಿನ್ ಯಾರಿಗೂ ಕಾಣಲ್ಲ. ಬಾನೆಟ್ ಮುಚ್ಚಿರುತ್ತೆ. ಸ್ಕ್ರೀನು, ಛಾವಣಿ, ಬಣ್ಣ, ಇವೆಲ್ಲ ದಿನಾ ಕಾಣೋದು."

ಮೇಷ್ಟ್ರಮ್ಮ ಬಟ್ಟೆ ಮಡಿಸುತ್ತಿದ್ದರು. ಒಂದೇ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ನೋಡೋಣ" ಎಂದರು. ಆ ರಾತ್ರಿ ಊಟದಲ್ಲಿ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಮರುದಿನ ಮಾರಾಟದವನೇ ಫೋನ್ ಮಾಡಿದ. ಅವನಿಗೆ ಗುರುದಕ್ಷಿಣೆ ಕೊಡುವ ಹುರುಪು. ಡ್ರೈವಿಂಗ್ ಕಲಿಸುವವರಿಗೆ ಕಂಪನಿಯಲ್ಲಿ ದೊಡ್ಡ ರಿಯಾಯಿತಿ ಇದೆ, ಮೇಡಂ ಹೆಸರಲ್ಲಿ ಇನ್ನೂ ಕಲಿಸುವ ಲೈಸೆನ್ಸ್ ಇರುವುದರಿಂದ ಅದು ಅವರಿಗೂ ಸಿಗುತ್ತದೆ. ದೊಡ್ಡ ಇಂಜಿನ್, ಎಲ್ಲ ಪ್ಯಾಕುಗಳು, ಕೆಂಪು ಬಣ್ಣ, ಎಲ್ಲ ಸೇರಿಯೂ ಗಂಟಿನಲ್ಲಿ ಮಿಗುತ್ತದೆ. ಒಂದೇ ಷರತ್ತು. ಪಕ್ಕದ ಸೀಟಿಗೆ ಎರಡನೇ ಬ್ರೇಕ್ ಹಾಕಿಸಬೇಕು, ತಲೆಯ ಮೇಲೆ ಹಲಗೆ ಇರಬೇಕು, ಮೂರು ವರ್ಷ ಕಾರನ್ನು ಕಲಿಸುವುದಕ್ಕೇ ಬಳಸಬೇಕು.

ಮನೆಯಲ್ಲಿ ಹಬ್ಬವೇ ಆಯಿತು. ಗಂಡ ಆ ದಿನ ಮೊಟ್ಟೆಗೆ ಎರಡು ಪಟ್ಟು ಬೆಣ್ಣೆ ಹಾಕಿದರು.

"ವಾರಕ್ಕೆ ನಾಲ್ಕು ಪಾಠ ಮಾಡಿದ್ರೆ ಸಾಕಲ್ಲ. ಮನೇಲಿ ಕೂತು ನೀನಾದ್ರೂ ಏನು ಮಾಡ್ತೀಯ ಮೇಷ್ಟ್ರೇ?" ಎಂದರು.

"ಅಮ್ಮನಿಗೆ ಅಭ್ಯಾಸವೇ ಇದೆ," ಎಂದ ಮಗ.

"ಹಲಗೆ ಇದ್ರೆ ಒಳ್ಳೇದೇ, ಯಾರೂ ಹತ್ರ ಬರಲ್ಲ," ಎಂದರು ದೊಡ್ಡಜ್ಜಿ.

ಎಲ್ಲರೂ ಮೇಷ್ಟ್ರಮ್ಮನ "ಆಗ್ಲಿ"ಗೆ ಕಾದರು. ಅವರು "ನಾಳೆ ಹೇಳ್ತೀನಿ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಸಿಂಕಿನ ಬಳಿ ಮೇಷ್ಟ್ರಮ್ಮ ತೊಳೆದ ಪಾತ್ರೆಗಳನ್ನು ಸೊಸೆ ಒರೆಸಿಡುತ್ತಿದ್ದಳು. ಅವಳಿಗೆ ಬೇರೆಯದೇ ಚಿಂತೆ.

"ಅತ್ತೆ, ಒಂದು ಕೇಳ್ತೀನಿ. ಆ ಕಾರಲ್ಲಿ ನಂಗೆ ಹೊಟ್ಟೆ ತೊಳೆಸಿಬಿಡ್ತು. ಅದು ಕಾರಿನ ತಪ್ಪೋ ಮಾವನ ತಪ್ಪೋ ಗೊತ್ತಾಗ್ಲಿಲ್ಲ. ನೀವು ಓಡಿಸಿದಾಗ ಹೇಗಿತ್ತು?"

"ನಾನೆಲ್ಲಿ ಓಡಿಸ್ದೆ?"

"ಅವತ್ತು ಓಡಿಸ್ಲಿಲ್ವಾ?"

ಮೇಷ್ಟ್ರಮ್ಮನ ಕೈ ಸೋಪಿನ ನೀರಿನಲ್ಲಿ ನಿಂತಿತು. ಆಮೇಲೆ ಅವರಿಗೆ ನಗು ಬಂತು. ನಕ್ಕು ನಕ್ಕು ಸೋಪಿನ ಕೈಯಲ್ಲೇ ಕಣ್ಣು ಒರೆಸಿಕೊಂಡು, ಕಣ್ಣು ಉರಿದು, ಸೊಸೆಯ ಒರೆಸುವ ಬಟ್ಟೆ ಕಿತ್ತುಕೊಂಡರು.

"ನೋಡು, ನನ್ನ ಕಾರು ನೋಡೋಕೆ ಹೋಗಿ ನಾನೇ ಪಕ್ಕದಲ್ಲಿ ಕೂತು ಬಂದಿದೀನಿ. ಯಾರೂ ಕೂರಿಸ್ಲಿಲ್ಲ ಕಣೆ. ಕಾಲು ತಾನಾಗೇ ಆ ಕಡೆ ಹೋಯ್ತು."

"ಹಾಗಾದ್ರೆ ನೀವು ಕೊನೇ ಸಲ ಓಡಿಸಿದ್ದು ಯಾವಾಗ?"

"ಶಾಲೆಯಿಂದ ಮನೆಗೆ ತಂದು ನಿಲ್ಲಿಸ್ತಿದ್ನಲ್ಲ, ನಾಲ್ಕು ಬೀದಿ. ಅಷ್ಟೇ. ದಿನವಿಡೀ ಕಲಿಯೋರ ಪಕ್ಕ. ರಜಾ ಬಂದ್ರೆ ನಿಮ್ಮ ಮಾವನಿಗೆ ಅಭ್ಯಾಸ ಆಗ್ಲಿ ಅಂತ ಅವರ ಪಕ್ಕ. ಆಮೇಲೆ ಮಗನ ಪಕ್ಕ." ಮೇಷ್ಟ್ರಮ್ಮ ಲೋಟ ತೊಳೆದಿಟ್ಟರು. "ನನ್ನ ಕಡೆ ಇದ್ದದ್ದು ಬ್ರೇಕ್ ಒಂದೇ. ಜೋರಾಗಿ ಹೋಗೋ ಪೆಡಲ್ ಇದ್ದದ್ದು ಅವರ ಕಾಲ ಕೆಳಗೆ. ಇಪ್ಪತ್ತೈದು ವರ್ಷ ಊರಿನವರನ್ನೆಲ್ಲ ನಿಲ್ಲಿಸಿದೀನಿ. ಒಂದು ಸಲ ಹೋಗ್ಬೇಕು ಅನ್ನಿಸ್ತು."

ಸೊಸೆ ತಟ್ಟೆ ಹಿಡಿದುಕೊಂಡೇ ನಿಂತಳು. "ಆ ರಿಯಾಯಿತಿ ತಗೊಂಡ್ರೆ ಇನ್ನೂ ಮೂರು ವರ್ಷ ಬ್ರೇಕೇ ಅಲ್ವಾ ಅತ್ತೆ?"

"ಹೌದಲ್ಲ," ಎಂದರು ಮೇಷ್ಟ್ರಮ್ಮ.

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?"

"ಎಲ್ಲರೂ ಅಷ್ಟು ಖುಷಿಯಾಗಿದ್ರು. ನಿನ್ನ ಕ್ಯಾಮೆರಾನೂ ಬರ್ತಿತ್ತು."

"ಕ್ಯಾಮೆರಾ ನಂಗೆ ನಿಜವಾಗ್ಲೂ ಬೇಕು," ಎಂದಳು ಸೊಸೆ. ಆಮೇಲೆ ಒರೆಸಿದ ತಟ್ಟೆಯನ್ನೇ ಇನ್ನೊಮ್ಮೆ ಒರೆಸಿ, "ಆದ್ರೂ ನಾಳೆ ಹೋಗಿ ಓಡಿಸಿ ಬನ್ನಿ. ಹೊಟ್ಟೆ ತೊಳೆಸುತ್ತಾ ನೋಡ್ಕೊಂಡು ಬನ್ನಿ" ಎಂದಳು.

ಮರುದಿನ ಮೇಷ್ಟ್ರಮ್ಮ ಒಬ್ಬರೇ ಶೋರೂಮಿಗೆ ಹೋದರು. ಈ ಸಲ ಕಾರಿನ ಮುಂದೆ ನಿಂತು, ಯಾವ ಬಾಗಿಲೆಂದು ನೋಡಿಕೊಂಡು ಹತ್ತಿದರು. ಸೀಟು ಮುಂದಕ್ಕೆ ಎಳೆದು ಕನ್ನಡಿ ತಿರುಗಿಸಿಕೊಂಡರು. ಮಾರಾಟದವನು ಪಕ್ಕದಲ್ಲಿ ಕೂತ.

ಗೋದಾಮುಗಳ ಹಿಂದಿನ ಉದ್ದನೆಯ ರಸ್ತೆ ಬರುವವರೆಗೆ ಅವರು ಶಿಷ್ಯರಿಗೆ ಹೇಳಿಕೊಡುವ ಹಾಗೇ ಓಡಿಸಿದರು. ಅಲ್ಲಿ ಮುಂದೆ ಒಂದು ವಾಹನವೂ ಇರಲಿಲ್ಲ. ವೇಗದ ಮಿತಿ ಬರೆದ ಫಲಕ ಕಂಡಿತು. ಮೇಷ್ಟ್ರಮ್ಮ ಆ ಮಿತಿಯನ್ನು ದಾಟಲಿಲ್ಲ. ಆದರೆ ಮಿತಿಯನ್ನು ಎಷ್ಟು ಬೇಗ ತಲುಪಿದರೆಂದರೆ ಮಾರಾಟದವನ ಟೈ ಹೆಗಲ ಮೇಲಕ್ಕೆ ಹೋಗಿ ಕೂತಿತು. ಅವನ ಬಲಗಾಲು ಕೆಳಗೆ ಇಲ್ಲದ ಬ್ರೇಕನ್ನು ಹುಡುಕಿತು.

"ಮೇಡಂ, ಹೆಂಗಿದೆ?" ಎಂದ, ಉಸಿರು ಸಿಕ್ಕಮೇಲೆ.

"ಮಾತಾಡ್ಬೇಡ, ಇನ್ನೊಂದು ಸಲ," ಎಂದರು ಮೇಷ್ಟ್ರಮ್ಮ. ರಸ್ತೆಯ ಕೊನೆಯಲ್ಲಿ ಸಿಗ್ನಲ್ ಹಾಕಿ, ಕನ್ನಡಿ ನೋಡಿ, ಕಾರು ತಿರುಗಿಸಿದರು.

ಹಿಂದಿರುಗಿ ಬಂದು ಮೇಜಿನ ಮುಂದೆ ಕೂತು ಹೇಳಿದ್ದು ಇಷ್ಟು. ದೊಡ್ಡ ಇಂಜಿನ್. ಅದಕ್ಕೆ ತಕ್ಕ ದೊಡ್ಡ ಬ್ರೇಕುಗಳು, ಅವಕ್ಕೆ ಎಷ್ಟಾದರೂ ಸರಿ. ರಿಯಾಯಿತಿ ಬೇಡ, ಪ್ಯಾಕುಗಳು ಬೇಡ. ಇಲಿಯ ಬಣ್ಣವೇ ಇರಲಿ.

"ಎಲ್ಲಾನೂ ತೆಗೀಲಾ ಮೇಡಂ?"

"ಎಲ್ಲಾನೂ ತೆಗಿ."

ಅವನು ಒಂದೊಂದನ್ನೇ ತೆಗೆದ. ಮೂಲೆಯ ಬೆಲೆ ಇಳಿಯುತ್ತ ಇಳಿಯುತ್ತ ಗಂಟಿನೊಳಗೆ ಬಂದು ನಿಂತಿತು. ಮೇಷ್ಟ್ರಮ್ಮ ಸಹಿ ಹಾಕಿದರು.

ಸಂಜೆ ಊಟಕ್ಕೆ ಕೂತಾಗ ಹೇಳಿದರು. ಮೊದಲು ಯಾರೂ ನಂಬಲಿಲ್ಲ. ಆ ಮನೆಯಲ್ಲಿ ಅವರ ಬಾಯಿಂದ 'ಇಲ್ಲ' ಬಂದದ್ದು ಕಡಿಮೆ.

"ಛಾವಣಿ?" ಎಂದಳು ಪಿಟೀಲು.

"ಇಲ್ಲ ಪುಟ್ಟ. ತಗಡಿಂದು."

"ನನ್ನ ಸೊಂಟ?" ಎಂದರು ದೊಡ್ಡಜ್ಜಿ.

"ಬಿಸಿನೀರಿನ ಚೀಲ ಇದೆ ಅತ್ತೆ. ತುಂಬಿಸಿ ಕೊಡ್ತೀನಿ."

"ಅಷ್ಟು ದುಡ್ಡು ಕೊಟ್ಟು ಬರೀ ಇಲಿ ತರ್ತೀಯಾ ಅಮ್ಮ?" ಎಂದ ಮಗ.

"ಇಲಿ ಎಷ್ಟು ಜೋರಾಗಿ ಓಡುತ್ತೆ ನೋಡಿದೀಯಾ?"

ಗಂಡ ಮಾತ್ರ ಚಮಚ ಕೆಳಗಿಟ್ಟಿದ್ದರು. "ಕೆಂಪು ಬಣ್ಣ ಹೋಯ್ತು, ಸರಿ. ಓಡಿಸೋದು ಯಾರು?"

"ನಾನು."

"ನಾನೆಲ್ಲಿ ಕೂರೋದು?"

"ಪಕ್ಕದಲ್ಲಿ."

"ಅಲ್ಲಿ ಬ್ರೇಕ್ ಇರುತ್ತಾ?"

"ಇರಲ್ಲ ರೀ."

"ನೀನು ಆ ರಾಕೆಟ್ಟನ್ನ ಬಿಡ್ತಿದ್ರೆ ನಾನು ಏನು ಹಿಡ್ಕೊಂಡು ಕೂರ್ಬೇಕು?"

"ನನ್ನ ಮೇಲೆ ನಂಬಿಕೆ ಇಟ್ಕೊಂಡು ಕೂತ್ಕೊಳ್ಳಿ. ನಾನು ನಿಮ್ಮ ಪಕ್ಕ ಇಷ್ಟು ವರ್ಷ ಕೂರ್ಲಿಲ್ವಾ?"

"ನಿಂಗೆ ಬ್ರೇಕ್ ಇತ್ತಲ್ಲೇ," ಎಂದರು ಗಂಡ. ಸೊಸೆ ನೀರು ಕುಡಿಯುತ್ತಿದ್ದವಳು ಕೆಮ್ಮಿಬಿಟ್ಟಳು.

ಆ ವಾರ ಗಂಡ ಮುನಿಸಿನಲ್ಲಿ ಅಡುಗೆ ಮಾಡಿದರು. ಅವರ ಮುನಿಸು ಎಂದರೆ ಆಸ್ಪತ್ರೆಯ ಅಡುಗೆ, ಉಪ್ಪಿಲ್ಲ, ಖಾರವಿಲ್ಲ, ಎಲ್ಲವೂ ಬೆಂದು ಬೆಳ್ಳಗೆ. ಮೇಷ್ಟ್ರಮ್ಮ ಒಂದು ಮಾತಾಡದೆ ಉಪ್ಪು ಹಾಕಿಕೊಂಡು ತಿಂದರು, ಎರಡು ಸಲ ಬಡಿಸಿಕೊಂಡು ತಿಂದರು. ಮಗನೇ ಕೊನೆಗೆ, "ಅಪ್ಪ, ನಮಗ್ಯಾಕೆ ಶಿಕ್ಷೆ? ನಾವು ಹುಷಾರಾಗೇ ಇದೀವಿ" ಎಂದು ಬೇಡಿಕೊಂಡ.

ಕಾರು ತಯಾರಾಗಿ ಬರಲು ವಾರಗಳು ಹಿಡಿದವು. ಕಾಯುತ್ತ ಕಾಯುತ್ತ ಮುನಿಸು ಹಳತಾಯಿತು. ಒಂದು ದಿನ ಆಸ್ಪತ್ರೆಯ ನರ್ಸೊಬ್ಬಳು ಔಷಧಿ ಅಂಗಡಿಗೆ ಬಂದವಳು ಸೊಸೆಯನ್ನು ಕೇಳಿದಳು, "ನಿಮ್ಮತ್ತೆ ರಾಕೆಟ್ ಬುಕ್ ಮಾಡಿದಾರಂತೆ? ನಿಮ್ಮ ಮಾವ ವಾರ್ಡು ವಾರ್ಡಿಗೂ ಹೇಳ್ಕೊಂಡು ಓಡಾಡ್ತಾ ಇದಾರೆ. ಅಂಥ ಇಂಜಿನ್ನಿಗೆ ಬಣ್ಣದ ಹಂಗೇ ಬೇಡವಂತೆ."

ಸೊಸೆ ಅದನ್ನು ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಿದಳು. ಗಂಡ ಸೂಪಿನ ಬಟ್ಟಲಿನಲ್ಲಿ ಮುಖ ಹಾಕಿಕೊಂಡು, "ರೋಗಿಗಳಿಗೆ ಏನಾದ್ರೂ ಹೊಸ ಸುದ್ದಿ ಬೇಕಲ್ಲ" ಎಂದರು. ಆ ದಿನದ ಸೂಪಿನಲ್ಲಿ ಉಪ್ಪು ಹದವಾಗಿತ್ತು.

ಕಾರು ಬಂದ ದಿನ ಮತ್ತೆ ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡರು. ದೊಡ್ಡಜ್ಜಿ ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ ಮಗುವಿನ ಹಾಗೆ ಹಿಡಿದುಕೊಂಡಿದ್ದರು. ಗಂಡ ಕೇಕಿನ ಡಬ್ಬಿ ತಂದಿದ್ದರು. ಶೋರೂಮಿನ ಅಂಗಳದಲ್ಲಿ ಇಲಿ ಬಣ್ಣದ ಕಾರು ತೊಳೆದು ನಿಂತಿತ್ತು.

ಮಾರಾಟದವನು ಕೀಲಿ ಕೊಟ್ಟ. ಮೇಷ್ಟ್ರಮ್ಮ ಹತ್ತಿ ಕೂತರು. ಮಗ ಫೋಟೋ ತೆಗೆಯುತ್ತಿದ್ದ. ಗಂಡ ಸಿಕ್ಕವರಿಗೆಲ್ಲ ಕೇಕು ಹಂಚುತ್ತಿದ್ದರು. ಹಿಂದೆ ಯಾರು ಎಲ್ಲಿ ಕೂರಬೇಕೆಂದು ದೊಡ್ಡಜ್ಜಿಗೂ ಪಿಟೀಲಿಗೂ ವಾದ ನಡೆದಿತ್ತು. ಕಾರು ಮೆಲ್ಲಗೆ ಚಲಿಸಿತು.

"ಗೇಟಿನ ಹತ್ರ ನಿಲ್ಲಿಸ್ತಾಳೆ, ಅಲ್ಲಿ ಹತ್ತೋಣ," ಎಂದರು ಗಂಡ.

ಗೇಟಿನ ಹತ್ತಿರ ಕಾರು ನಿಂತಿತು. ಸಿಗ್ನಲ್ ಮಿನುಗಿತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೇಷ್ಟ್ರಮ್ಮನ ತಲೆ ತಿರುಗಿತು. ಆಮೇಲೆ ಕಾರು ರಸ್ತೆಗಿಳಿದು ಹೋಯಿತು.

ಎಲ್ಲರೂ ಗೇಟಿನವರೆಗೆ ನಡೆದು ಬಂದು ರಸ್ತೆ ನೋಡಿದರು.

"ಮರ್ತೇ ಹೋದ್ರಾ?" ಎಂದಳು ಸೊಸೆ.

"ಒಂದು ಸುತ್ತು ಹಾಕ್ಕೊಂಡು ಬರ್ತಾಳೆ," ಎಂದರು ಗಂಡ.

ಮಾರಾಟದವನು ಕುರ್ಚಿಗಳನ್ನು ಹೊರಗೆ ತಂದು ಹಾಕಿದ. ಕೇಕು ಮುಗಿಯಿತು. ಚೀಲದ ನೀರು ತಣ್ಣಗಾಯಿತು. ಫೋನ್ ಮಾಡಿದರೆ ಮೇಷ್ಟ್ರಮ್ಮ ಎತ್ತಲಿಲ್ಲ. ಓಡಿಸುವಾಗ ಫೋನ್ ಎತ್ತಬಾರದೆಂದು ಊರಿಗೆಲ್ಲ ಕಲಿಸಿದವರು ಅವರೇ. ಕೊನೆಗೆ ದೊಡ್ಡಜ್ಜಿ ಎದ್ದು, "ನಡೀರಿ, ಬಸ್ಸಿಗೆ ಹೋಗೋಣ. ಇವಳ ಕಾರಿನ ಸೀಟು ನಂಬಿಕೊಂಡು ಕೂತ್ರೆ ಇಲ್ಲೇ ಕತ್ತಲಾಗುತ್ತೆ" ಎಂದರು. ಅವರಿಗೆ ಸಿಟ್ಟು ಬಂದಿರಲಿಲ್ಲ.

ಬಸ್ಸಿನಲ್ಲಿ ಎಲ್ಲರಿಗೂ ಸೀಟು ಸಿಕ್ಕಿತು. ದೊಡ್ಡ ಸರ್ಕಲ್ಲಿನಲ್ಲಿ ಕೆಂಪು ದೀಪಕ್ಕೆ ಬಸ್ಸು ನಿಂತಾಗ ಕಿಟಕಿಗೆ ಮೂಗು ಒತ್ತಿಕೊಂಡಿದ್ದ ಪಿಟೀಲು ಕೂಗಿದಳು.

"ಅಜ್ಜಿ. ಅಪ್ಪ, ಅಲ್ಲಿ ನೋಡು, ಅಜ್ಜಿ."

ಎಲ್ಲರೂ ಒಂದೇ ಕಿಟಕಿಗೆ ಬಗ್ಗಿದರು. ಪಕ್ಕದಲ್ಲೇ, ದೀಪದ ಎದುರಿಗೆ ಎಲ್ಲಕ್ಕಿಂತ ಮುಂದೆ, ಇಲಿ ಬಣ್ಣದ ಕಾರು ನಿಂತಿತ್ತು. ಕಿಟಕಿ ಗಾಜು ಮುಚ್ಚಿತ್ತು. ಒಳಗೆ ಮೇಷ್ಟ್ರಮ್ಮ ಸ್ಟಿಯರಿಂಗಿನ ಮೇಲೆ ಬೆರಳು ಬಡಿಯುತ್ತಿದ್ದರು. ತಲೆ ಆಡುತ್ತಿತ್ತು, ಬಾಯಿ ದೊಡ್ಡದಾಗಿ ತೆರೆದು ಮುಚ್ಚುತ್ತಿತ್ತು.

"ಯಾರ ಹತ್ರ ಮಾತಾಡ್ತಾ ಇದಾಳೆ?" ಎಂದರು ದೊಡ್ಡಜ್ಜಿ.

"ಮಾತಲ್ಲಮ್ಮ," ಎಂದರು ಗಂಡ ಸೀಟಿನಿಂದ ಎದ್ದು ನಿಂತು. "ಹಾಡ್ತಾ ಇದಾಳೆ. ಇವಳು ಹಾಡ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಪಿಟೀಲು ಗಾಜು ಬಡಿದಳು. ಮಗ ಕೈ ಬೀಸಿದ. ಗಂಡ ಖಾಲಿ ಕೇಕಿನ ಡಬ್ಬಿಯನ್ನೇ ಎತ್ತಿ ಆಡಿಸಿದರು. ಬಸ್ಸಿನಲ್ಲಿದ್ದವರೆಲ್ಲ ಆ ಕಡೆ ತಿರುಗಿ ನೋಡಿದರು. ಮೇಷ್ಟ್ರಮ್ಮ ಮಾತ್ರ ಇತ್ತ ತಿರುಗಲಿಲ್ಲ. ಅವರ ಕಣ್ಣು ದೀಪದ ಮೇಲಿತ್ತು.

ದೀಪ ಹಸಿರಾಯಿತು. ಬಸ್ಸಿನ ಡ್ರೈವರು ಗೇರಿನ ಮೇಲೆ ಕೈಯಿಡುವಷ್ಟರಲ್ಲಿ ಪಕ್ಕದ ಜಾಗ ಖಾಲಿಯಾಗಿತ್ತು.